ಇಂಗ್ಲಿಷ್ ವ್ಯಾಕರಣವೂ ಒಂದು ಕಾಯಕ

ಮಠದ ಮಾಸಪತ್ರಿಕೆಯಲ್ಲಿ ಇಂಗ್ಲಿಷ್ ವ್ಯಾಕರಣದ ಮಾತೇಕೆ ಎಂದು ಓದುಗರಲ್ಲಿ ಕೆಲವರಿಗಾದರೂ ಆಶ್ಚರ್ಯವಾಗಬಹುದು. ಕಾರಣವಿಷ್ಟೆ. ದರ್ಶನಕ್ಕೆಂದು ಬರುವ ತಂದೆತಾಯಂದಿರು ಮಳೆ ಬೆಳೆ, ಮನೆ ಮದುವೆಗಳ ವಿಚಾರವನ್ನೆಲ್ಲ ಅರಿಕೆ ಮಾಡಿಕೊಂಡ ಮೇಲೆ, ಏಳುವ ಮುನ್ನ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಈಚಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದೆ: "ಹುಡುಗನಿಗೆ ಇಂಗ್ಲಿಷ್ ಬರಲ್ಲ ಬುದ್ಧೀ, ಮುಂದೇನು ಗತಿ?" ಹುಡುಗನೂ ಪಕ್ಕದಲ್ಲಿಯೇ ತಲೆ ತಗ್ಗಿಸಿ ನಿಂತಿರುತ್ತಾನೆ. ಯಾವುದೋ ವಾಸಿಯಾಗದ ರೋಗವನ್ನು ಕುರಿತು ಮಾತನಾಡುವಂತೆ ಅವನ ಎದುರಿನಲ್ಲಿಯೇ ಈ ಮಾತು ನಡೆಯುತ್ತದೆ. ಒಂದು ಭಾಷೆಯ ವ್ಯಾಕರಣವು ಮನೆಮನೆಯ ಸಂಕಟವಾಗಿರುವಾಗ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಪತ್ರಿಕೆಗೆ ಹೊರತಾದ ಕೆಲಸವಲ್ಲವೆಂದು ನಾವು ಭಾವಿಸಿದ್ದೇವೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ನೆಯ ಶೈಕ್ಷಣಿಕ ವರ್ಷದಿಂದ ಇಂಗ್ಲಿಷ್ ಒಂದನೆಯ ತರಗತಿಯಿಂದಲೇ ಒಂದು ಭಾಷಾವಿಷಯವಾಗಿ ಬಂದಿದೆ. ಅದಕ್ಕಿಂತ ಹಿಂದೆ ಓದಿದವರು ಹೈಸ್ಕೂಲಿನ ಹೊತ್ತಿಗೆ ಇಂಗ್ಲಿಷ್ ಅಕ್ಷರಗಳನ್ನು ಗಟ್ಟಿಮಾಡಿಕೊಂಡರೆ ಹೆಚ್ಚು. ಇಂದಿನ ಮಗು ಹತ್ತು ವರ್ಷ ಆ ಭಾಷೆಯನ್ನು ಓದಿ ಎಸ್.ಎಸ್.ಎಲ್.ಸಿ. ಮುಗಿಸುತ್ತದೆ. ಆದರೂ ಅಂಜಿಕೆ ಹೋಗಿಲ್ಲ. ಹಾಗಾದರೆ ಕೊರತೆ ಇರುವುದು ವರ್ಷಗಳ ಲೆಕ್ಕದಲ್ಲಲ್ಲ, ಕಲಿಯುವವನ ಮನೋಭಾವದಲ್ಲಿ ಮತ್ತು ಕಲಿಸುವ ಕ್ರಮದಲ್ಲಿ ಎಂದು ಹೇಳಬೇಕಾಗುತ್ತದೆ. ಕನ್ನಡವನ್ನು ಚೆನ್ನಾಗಿ ಬಲ್ಲ ಮಗುವಿಗೆ ಇಂಗ್ಲಿಷ್ ವ್ಯಾಕರಣದ ಅರ್ಧಭಾಗ ಆಗಲೇ ತಿಳಿದಿರುತ್ತದೆ. ತನಗೆ ತಿಳಿದಿದೆ ಎಂಬುದು ಮಾತ್ರ ಅದಕ್ಕೆ ತಿಳಿದಿರುವುದಿಲ್ಲ. ಇನ್ನುಳಿದ ಅರ್ಧವು ಪ್ರತಿಭೆಯಿಂದ ಬರತಕ್ಕದ್ದಲ್ಲ. ದಿನನಿತ್ಯದ ದುಡಿಮೆಯಿಂದ ಬರತಕ್ಕದ್ದು. ಈ ಲೇಖನದಲ್ಲಿ ನಾವು ಹೇಳಬಯಸುವುದು ಇಷ್ಟನ್ನೇ.

ನಾವು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಪಾಣಿನಿಯ ಸೂತ್ರಗಳನ್ನು ಬಾಯಿಪಾಠ ಮಾಡಿದವರು. ಅನಂತರ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವರು. ಒಂದು ಕಡೆ ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿ, ಇನ್ನೊಂದು ಕಡೆ ರೆನ್ ಮತ್ತು ಮಾರ್ಟಿನ್ ಎಂಬಿಬ್ಬರು 1930ರ ದಶಕದಲ್ಲಿ ರಚಿಸಿದ ಇಂಗ್ಲಿಷ್ ವ್ಯಾಕರಣ. ಈ ಎರಡನೆಯ ಗ್ರಂಥದ ಹೆಸರನ್ನು ಕೇಳಿದರೆ ಇಂದಿಗೂ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರ ಮುಖ ಬಾಡೀತು! ಎರಡನ್ನೂ ಓದಿದ ಮೇಲೆ ನಮಗೆ ಮನದಟ್ಟಾದದ್ದೇನೆಂದರೆ, ಭಾಷೆಗಳು ಬೇರೆಯಾದರೂ ವಾಕ್ಯವೆಂಬ ಮನೆಯ ಕಂಬಗಳು ಬೇರೆಯಲ್ಲ. ವಿದ್ಯಾರ್ಥಿನಿಲಯದ ಹುಡುಗರಿಗೆ ಸಂಜೆಯ ಪ್ರಾರ್ಥನೆಯ ನಂತರ ಒಂದು ಗಂಟೆ ಇಂಗ್ಲಿಷ್ ಪಾಠ ಹೇಳುವ ಪರಿಪಾಠವನ್ನು ಹಲವು ವರ್ಷಗಳಿಂದ ಇಟ್ಟುಕೊಂಡು ಬಂದಿದ್ದೇವೆ. ಮುಂದೆ ಹೇಳುವುದೆಲ್ಲ ಆ ಪಾಠದಲ್ಲಿ ಕಂಡುಕೊಂಡದ್ದು.

ಮೊದಲು ವ್ಯಾಕರಣ ಎಂಬ ಹೆಸರನ್ನೇ ನೋಡೋಣ. ವಾಕ್ಯದಲ್ಲಿ ಕೆಲಸ ಮಾಡುವವನು ಕರ್ತೃ. ಆ ಕೆಲಸವು ತಟ್ಟುವ ವಸ್ತು ಕರ್ಮ. ಕೆಲಸವೇ ಕ್ರಿಯೆ. ಕೆಲಸಕ್ಕೆ ಸಾಧನವಾದದ್ದು ಕರಣ. ಇವುಗಳಿಗೂ ಕ್ರಿಯೆಗೂ ಇರುವ ಸಂಬಂಧ ಕಾರಕ. ಇದನ್ನೆಲ್ಲ ಬಿಡಿಸಿ ತೋರಿಸುವ ಶಾಸ್ತ್ರ ವ್ಯಾಕರಣ. ಈ ಶಬ್ದಗಳೆಲ್ಲವೂ ಕೃ ಎಂಬ ಒಂದೇ ಧಾತುವಿನಿಂದ ಹುಟ್ಟಿದವು, ಆ ಧಾತುವಿನ ಅರ್ಥ ಮಾಡು ಎಂಬುದು. ನಮ್ಮ ಪ್ರಾಚೀನರು ಭಾಷೆಯನ್ನು ದುಡಿಮೆಯ ಕಣ್ಣಿನಿಂದ ನೋಡಿದರು. ಯಾರು ಮಾಡಿದರು, ಏನನ್ನು ಮಾಡಿದರು, ಯಾವುದರಿಂದ ಮಾಡಿದರು, ಯಾರಿಗಾಗಿ, ಎಲ್ಲಿಂದ, ಎಲ್ಲಿ ಎಂದು ಕೇಳುತ್ತ ಹೋದರೆ ಆರು ಕಾರಕಗಳು ತಾವಾಗಿಯೇ ದೊರೆಯುತ್ತವೆ. ಇಂಗ್ಲಿಷ್ ವಾಕ್ಯಕ್ಕೂ ಇವೇ ಪ್ರಶ್ನೆಗಳನ್ನು ಹಾಕಬಹುದು, ಉತ್ತರವೂ ದೊರೆಯುತ್ತದೆ.

ಸ್ವಾರಸ್ಯದ ಸಂಗತಿಯೆಂದರೆ ಇಂಗ್ಲಿಷಿನಲ್ಲಿಯೂ ಮಾಡು ಎಂಬ ಅರ್ಥದ ಡೂ ಎಂಬ ಚಿಕ್ಕ ಶಬ್ದವೇ ದೊಡ್ಡ ಆಳು. ಆಮ್, ಈಸ್, ಕ್ಯಾನ್, ವಿಲ್ ಮುಂತಾದ ಸಹಾಯಕಗಳು ಇಲ್ಲದ ವಾಕ್ಯದಲ್ಲಿ ಪ್ರಶ್ನೆ ಕೇಳಬೇಕಾದರೂ ಇಲ್ಲವೆನ್ನಬೇಕಾದರೂ ಡೂ ಬಂದು ಭುಜ ಕೊಡಬೇಕು. ನಮ್ಮ ಹುಡುಗರು ಅತಿ ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗವನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ನಿಲಯದ ಇಬ್ಬರು ಹುಡುಗರು ಎಸ್.ಎಸ್.ಎಲ್.ಸಿ.ಯನ್ನು ಕನ್ನಡ ಮಾಧ್ಯಮದಲ್ಲಿ ಉತ್ತಮ ಅಂಕಗಳಿಂದ ಮುಗಿಸಿ, ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಆರಿಸಿಕೊಂಡು ಪೇಟೆಯ ಕಾಲೇಜೊಂದನ್ನು ಸೇರಿದರು. ಇಬ್ಬರೂ ಒಕ್ಕಲು ಮಕ್ಕಳು. ಮೂರು ತಿಂಗಳು ಕಳೆಯುವುದರೊಳಗೆ ಇಬ್ಬರೂ ಟ್ರಂಕು ಕಟ್ಟಿಕೊಂಡು ನಮ್ಮ ಮುಂದೆ ಬಂದು ನಿಂತರು. ಊರಿಗೆ ಹೋಗುತ್ತೇವೆ, ಓದು ಸಾಕು ಎಂದರು. ಲೆಕ್ಕ ಬರುತ್ತದೆ, ವಿಜ್ಞಾನವೂ ತಿಳಿಯುತ್ತದೆ. ಆದರೆ ಎಲ್ಲವೂ ಇಂಗ್ಲಿಷಿನಲ್ಲಿದೆ. ಅವರಲ್ಲಿ ಒಬ್ಬನು ಹಿಂದಿನ ದಿನ ತರಗತಿಯಲ್ಲಿ, ಪ್ರಯೋಗಶಾಲೆಗೆ ಏಕೆ ಹೋಗಲಿಲ್ಲವೆಂದು ಕೇಳಿದ್ದಕ್ಕೆ, ಎದ್ದು ನಿಂತು "ಐ ಡಿಡ್ ನಾಟ್ ವೆಂಟ್" ಎಂದನಂತೆ. ತರಗತಿ ಗೊಳ್ಳೆಂದು ನಕ್ಕಿತು. ಕಲಿಸುವವರೂ ನಕ್ಕರೆಂಬುದು ಅವನ ಎದೆಗೆ ನಾಟಿತ್ತು.

ಆ ಸಂಜೆ ಅವನನ್ನು ಕೂರಿಸಿಕೊಂಡು ನಾವು ಇಂಗ್ಲಿಷ್ ಪುಸ್ತಕವನ್ನು ತೆರೆಯಲಿಲ್ಲ. ಕನ್ನಡದಲ್ಲಿ ಕೇಳಿದೆವು: "ಹೋದನು ಎಂಬುದಕ್ಕೆ ಇಲ್ಲವೆಂಬ ರೂಪ ಹೇಳು." "ಹೋಗಲಿಲ್ಲ" ಎಂದನು. "ಹೋದಳು ಎಂಬುದಕ್ಕೆ?" "ಹೋಗಲಿಲ್ಲ." "ಹೋದರು?" "ಹೋಗಲಿಲ್ಲ." "ಹೋದಲಿಲ್ಲ ಎಂದು ಏಕೆ ಹೇಳಲಿಲ್ಲ?" ಹುಡುಗನಿಗೆ ನಗು ಬಂತು. "ಹಾಗೆ ಯಾರೂ ಹೇಳಲ್ಲ ಬುದ್ಧೀ" ಎಂದನು. ನಿಜ, ಯಾರೂ ಹೇಳುವುದಿಲ್ಲ. ಹೋದನು ಎಂಬಲ್ಲಿ ಭೂತಕಾಲದ ಗುರುತಾಗಿ ನಿಂತಿದ್ದ ದಕಾರವು ಇಲ್ಲವೆನ್ನುವಾಗ ಬಿದ್ದುಹೋಗಿ, ಧಾತುವು ತನ್ನ ಮೂಲರೂಪಕ್ಕೆ ಮರಳಿ, ಹೋಗಲ್ ಎಂದಾಗಿ ಇಲ್ಲ ಎಂಬುದರ ಜೊತೆ ಸೇರುತ್ತದೆ. ಇಂಗ್ಲಿಷಿನಲ್ಲಿ ನಡೆಯುವುದೂ ಇಂಥದೇ. ಭೂತಕಾಲದ ಹೊರೆಯನ್ನು ಡಿಡ್ ಹೊತ್ತುಕೊಂಡ ಮೇಲೆ ವೆಂಟ್ ಎಂಬುದು ಹೊರೆಯಿಳಿಸಿ ಗೋ ಆಗುತ್ತದೆ: ಐ ಡಿಡ್ ನಾಟ್ ಗೋ. ಒಂದು ಮೂಟೆಯನ್ನು ಇಬ್ಬರು ಬೇರೆಬೇರೆಯಾಗಿ ಹೊರಲಾಗದು. ಹೀ ಗೋಸ್ ಎಂಬುದು ಪ್ರಶ್ನೆಯಾದಾಗ ಡಸ್ ಹೀ ಗೋ ಎಂದಾಗುವುದಕ್ಕೂ ಇದೇ ಕಾರಣ. ಕೊನೆಯ ಸಕಾರವನ್ನು ಡಸ್ ಎತ್ತಿಕೊಂಡಿತು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನನಗೆ ಗೊತ್ತೇ ಇತ್ತಲ್ಲ" ಎಂದನು. ಅವನು ಟ್ರಂಕನ್ನು ಬಿಚ್ಚಿದನು. ಮುಂದೆ ಓದಿ ಕೃಷಿ ಪದವೀಧರನಾದನು. ಅವನ ಜೊತೆಗಾರನು ಮಾತ್ರ ಆ ಸಂಜೆಯವರೆಗೆ ನಿಲ್ಲದೆ ಮಧ್ಯಾಹ್ನದ ಬಸ್ಸಿಗೇ ಹೊರಟುಹೋಗಿದ್ದನು. ಅವನ ವಿಚಾರವನ್ನು ಮುಂದೆ ಹೇಳುತ್ತೇವೆ.

ಇನ್ನೊಂದು ಮೂಲಪಾಠವನ್ನು ನೋಡೋಣ. ಬರು ಎಂಬ ಧಾತುವಿಗೆ ಭೂತಕಾಲದಲ್ಲಿ ಕನ್ನಡವು ಒಂಬತ್ತು ರೂಪಗಳನ್ನು ಕೊಡುತ್ತದೆ: ಬಂದೆನು, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದರು, ಬಂದಿತು, ಬಂದವು. ನಾಲ್ಕು ವರ್ಷದ ಮಗು ಇವುಗಳನ್ನು ತಪ್ಪಿಲ್ಲದೆ ಬಳಸುತ್ತದೆ. ಇಷ್ಟಕ್ಕೂ ಇಂಗ್ಲಿಷಿನಲ್ಲಿ ಇರುವುದು ಕೇಮ್ ಎಂಬ ಒಂದೇ ರೂಪ. ಒಂಬತ್ತನ್ನು ಆಳುವ ನಾಲಿಗೆ ಒಂದಕ್ಕೆ ಅಂಜಬೇಕೆ? ಆದರೆ ಈ ಬಡತನದಿಂದ ಒಂದು ನಿಯಮ ಹುಟ್ಟುತ್ತದೆ. ಬಂದಳು ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ತಿಯಾಯಿತು. ಬಂದವಳು ಹೆಣ್ಣು, ಒಬ್ಬಳು, ಎದುರಿಗಿಲ್ಲದವಳು ಎಂಬುದೆಲ್ಲ ಕ್ರಿಯಾಪದದಲ್ಲಿಯೇ ಇದೆ. ಕೇಮ್ ಎಂದರೆ ಯಾರೆಂಬುದು ತಿಳಿಯದು. ಆದುದರಿಂದ ಇಂಗ್ಲಿಷ್ ವಾಕ್ಯವು ಕರ್ತೃವನ್ನು ಸಾಮಾನ್ಯವಾಗಿ ಕೈಬಿಡುವುದಿಲ್ಲ. ನಾವು ತಡವಾಯಿತು ಎಂದು ಒಂದೇ ಮಾತಿನಲ್ಲಿ ಹೇಳಿ ಏಳುತ್ತೇವೆ. ಇಂಗ್ಲಿಷಿನವನಿಗೆ ಅಲ್ಲಿಯೂ ಕರ್ತೃವಿನ ಪೀಠ ತುಂಬಲೇಬೇಕು. ಯಾವ ವಸ್ತುವನ್ನೂ ಸೂಚಿಸದ ಇಟ್ ಎಂಬುದನ್ನು ತಂದು ಕೂರಿಸಿ, ಇಟ್ ಈಸ್ ಲೇಟ್ ಎನ್ನುತ್ತಾನೆ. ವರ್ತಮಾನಕಾಲದಲ್ಲಿ ಮಾತ್ರ, ಅವನು, ಅವಳು, ಅದು ಎಂಬ ಏಕವಚನದ ಕರ್ತೃ ಬಂದಾಗ, ಹಳೆಯ ಕಾಲದ ಪ್ರತ್ಯಯವೊಂದರ ಅವಶೇಷವಾಗಿ ಸಕಾರ ಉಳಿದಿದೆ: ಐ ಗೋ, ಯೂ ಗೋ, ದೇ ಗೋ, ಆದರೆ ಹೀ ಗೋಸ್. ಆ ಒಂದು ಸಕಾರವನ್ನು ಮರೆಯದಿದ್ದರೆ ನಮ್ಮ ಮಕ್ಕಳ ತಪ್ಪುಗಳಲ್ಲಿ ದೊಡ್ಡ ಪಾಲು ಕಳೆದುಹೋದೀತು.

ವಿಭಕ್ತಿಯ ವಿಚಾರವೂ ಹೀಗೆಯೇ. ನಾಯಿ ಮನುಷ್ಯನನ್ನು ಕಚ್ಚಿತು ಎಂದರೂ ಮನುಷ್ಯನನ್ನು ನಾಯಿ ಕಚ್ಚಿತು ಎಂದರೂ ಕನ್ನಡದಲ್ಲಿ ಕಚ್ಚಿಸಿಕೊಂಡವನು ಮನುಷ್ಯನೇ. ಅನ್ನು ಎಂಬ ಪ್ರತ್ಯಯ ಅವನನ್ನು ಬಿಡುವುದಿಲ್ಲ. ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಸವೆದುಹೋಗಿ, ಹೀ ಮತ್ತು ಹಿಮ್, ಹೂ ಮತ್ತು ಹೂಮ್ ಮುಂತಾದ ಕೆಲವೇ ಸರ್ವನಾಮಗಳಲ್ಲಿ ಕುರುಹು ಉಳಿಯಿತು. ಪ್ರತ್ಯಯ ಹೋದ ಮೇಲೆ ಅದರ ಕೆಲಸವನ್ನು ಸ್ಥಾನವು ವಹಿಸಿಕೊಂಡಿತು. ಮೊದಲು ಕರ್ತೃ, ನಡುವೆ ಕ್ರಿಯೆ, ಅನಂತರ ಕರ್ಮ. ದಿ ಡಾಗ್ ಬಿಟ್ ದಿ ಮ್ಯಾನ್ ಎಂಬಲ್ಲಿ ಎರಡು ನಾಮಪದಗಳ ಸ್ಥಾನ ಬದಲಾದರೆ ಮನುಷ್ಯನೇ ನಾಯಿಯನ್ನು ಕಚ್ಚಿದಂತಾಗುತ್ತದೆ! ಇಂಗ್ಲಿಷ್ ವಾಕ್ಯದಲ್ಲಿ ಪದಗಳ ಕ್ರಮವನ್ನು ಏಕೆ ಅಷ್ಟು ಬಿಗಿಯಾಗಿ ಹಿಡಿಯಬೇಕೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಇಂದ ಎಂಬ ಪ್ರತ್ಯಯವನ್ನು ವಿಶೇಷವಾಗಿ ಗಮನಿಸಬೇಕು. ಕುಡುಗೋಲಿನಿಂದ ಕೊಯ್ದನು ಎಂಬಲ್ಲಿ ಅದು ಸಾಧನ. ಊರಿನಿಂದ ಬಂದನು ಎಂಬಲ್ಲಿ ಹೊರಟ ನೆಲೆ. ಅವನಿಂದ ಬರೆಯಲ್ಪಟ್ಟಿತು ಎಂಬಲ್ಲಿ ಕರ್ತೃ. ಸೋಮವಾರದಿಂದ ಮಳೆ ಎಂಬಲ್ಲಿ ಕಾಲದ ಆರಂಭ. ಐದು ವರ್ಷಗಳಿಂದ ಇದ್ದೇನೆ ಎಂಬಲ್ಲಿ ಕಾಲದ ಉದ್ದ. ನಮ್ಮ ಒಂದು ಇಂದ ಮಾಡುವ ಈ ಐದು ಕೆಲಸಗಳಿಗೆ ಇಂಗ್ಲಿಷಿನಲ್ಲಿ ಐದು ಆಳುಗಳು: ವಿತ್, ಫ್ರಮ್, ಬೈ, ಸಿನ್ಸ್, ಫಾರ್. ಇದನ್ನರಿಯದೆ ಐದು ವರ್ಷಗಳಿಂದ ದಾವಣಗೆರೆಯಲ್ಲಿದ್ದೇನೆ ಎಂಬುದನ್ನು "ಐ ಆಮ್ ಲಿವಿಂಗ್ ಇನ್ ದಾವಣಗೆರೆ ಸಿನ್ಸ್ ಫೈವ್ ಇಯರ್ಸ್" ಎಂದು ಪದವೀಧರರೂ ಬರೆಯುವುದುಂಟು. ಐದು ವರ್ಷ ಎಂಬುದು ಕಾಲದ ಉದ್ದವಾದುದರಿಂದ ಸಿನ್ಸ್ ಸಲ್ಲದು, ಫಾರ್ ಬೇಕು. ಹಿಂದೆ ಆರಂಭವಾಗಿ ಇಂದಿಗೂ ಮುಂದುವರಿದಿರುವುದರಿಂದ ಐ ಹ್ಯಾವ್ ಬೀನ್ ಲಿವಿಂಗ್ ಎನ್ನಬೇಕು. ತಪ್ಪು ಎಲ್ಲಿಂದ ಬಂತೆಂಬುದನ್ನು ತೋರಿಸಿಕೊಟ್ಟರೆ ಹುಡುಗನು ತಿದ್ದಿಕೊಳ್ಳುತ್ತಾನೆ. ಬರಿದೆ ಕೆಂಪು ಗೀಟು ಎಳೆದರೆ ಕಾಗದವನ್ನು ಮಡಿಸಿಡುತ್ತಾನೆ.

ಎ, ಆನ್, ದಿ ಎಂಬ ಮೂರು ಪುಟ್ಟ ಶಬ್ದಗಳು ಕನ್ನಡದಲ್ಲಿ ಇಲ್ಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಶಬ್ದ ಇಲ್ಲ, ನಿಜ. ಆದರೆ ಭಾವ ಇದೆ. ಪುಸ್ತಕ ಕೊಂಡೆನು ಎಂದರೆ ಯಾವುದೋ ಒಂದು ಪುಸ್ತಕ. ಪುಸ್ತಕವನ್ನು ಕೊಂಡೆನು ಎಂದರೆ ಸಾಮಾನ್ಯವಾಗಿ ನಮ್ಮಿಬ್ಬರಿಗೂ ಗೊತ್ತಿರುವ ಆ ಪುಸ್ತಕ. ಮೊದಲನೆಯದಕ್ಕೆ ಎ ಬುಕ್, ಎರಡನೆಯದಕ್ಕೆ ದಿ ಬುಕ್. ಕೇಳುವವನಿಗೆ ಯಾವುದೆಂಬುದು ಗೊತ್ತಿದೆಯೇ ಎಂದು ಮಾತನಾಡುವವನು ಒಮ್ಮೆ ಯೋಚಿಸಬೇಕು, ಅಷ್ಟೆ. ಇನ್ನು ಎ ಮತ್ತು ಆನ್‌ಗಳ ಭೇದ ಕಿವಿಗೆ ಸೇರಿದ್ದು, ಕಣ್ಣಿಗಲ್ಲ. ಅವರ್ ಎಂಬುದು ಬರಹದಲ್ಲಿ ವ್ಯಂಜನದಿಂದ ಆರಂಭವಾದರೂ ಉಚ್ಚಾರದಲ್ಲಿ ಸ್ವರದಿಂದ ಆರಂಭವಾಗುವುದರಿಂದ ಆನ್ ಅವರ್. ಯೂನಿವರ್ಸಿಟಿ ಎಂಬುದು ಬರಹದಲ್ಲಿ ಸ್ವರವಾದರೂ ಉಚ್ಚಾರದಲ್ಲಿ ಯಕಾರವಾದುದರಿಂದ ಎ ಯೂನಿವರ್ಸಿಟಿ.

ಇಷ್ಟೆಲ್ಲ ಸುಲಭವಾಗಿದ್ದರೆ ಜನ ಏಕೆ ಕಲಿಯುತ್ತಿಲ್ಲವೆಂದು ನೀವು ಕೇಳಬಹುದು. ತಿಳಿಯುವುದು ಸುಲಭ, ನಾಲಿಗೆಗೂ ಕೈಗೂ ಇಳಿಸುವುದು ದುಡಿಮೆ. ದುಡಿಮೆಗೆ ಅಡ್ಡ ಬರುವ ಎರಡು ಮನೋಭಾವಗಳನ್ನು ನಾವು ಕಂಡಿದ್ದೇವೆ. ಒಂದು ಭಯ, ಇನ್ನೊಂದು ಡೌಲು. ಭಯಪಟ್ಟವನು ಇಂಗ್ಲಿಷನ್ನು ದೊಡ್ಡವರ ಮನೆಯ ಮಹಡಿಯೆಂದು ತಿಳಿದು ಕೆಳಗೇ ನಿಲ್ಲುತ್ತಾನೆ. ಡೌಲಿನವನು ನಾಲ್ಕು ಶಬ್ದಗಳನ್ನು ಕಲಿತು, ಅದನ್ನು ಉಂಗುರದಂತೆ ಬೆರಳಿಗೆ ಹಾಕಿಕೊಂಡು ತೋರಿಸುತ್ತ ತಿರುಗುತ್ತಾನೆ. ಇಬ್ಬರೂ ಅದನ್ನು ಉಪಕರಣವೆಂದು ಕಾಣಲಿಲ್ಲ. ಒಕ್ಕಲಿಗನು ಕೂರಿಗೆಗೆ ಅಂಜುವುದಿಲ್ಲ, ಅದನ್ನು ಮೆರೆಯಿಸುವುದೂ ಇಲ್ಲ. ಬಿತ್ತುವ ಕಾಲಕ್ಕೆ ಹೊರತೆಗೆದು, ಸಡಿಲವಾದ ತಾಳನ್ನು ಬಿಗಿಮಾಡಿ, ಹೊಲಕ್ಕೆ ಒಯ್ಯುತ್ತಾನೆ. ಭಾಷೆಯ ವಿಷಯದಲ್ಲಿಯೂ ಅಷ್ಟೇ ಸಾಕು. ಕನ್ನಡವು ನಾವು ಹುಟ್ಟಿ ಬೆಳೆದ ಮನೆ. ಇಂಗ್ಲಿಷ್ ನಾವು ಕೈಯಲ್ಲಿ ಹಿಡಿಯುವ ಕೂರಿಗೆ. ಒಂದಕ್ಕಾಗಿ ಇನ್ನೊಂದನ್ನು ತೊರೆಯಬೇಕಾದ ಪ್ರಸಂಗವೇ ಇಲ್ಲ.

ಪರಭಾಷೆಯನ್ನು ಈ ಮನೋಭಾವದಿಂದ ಕಲಿತವರ ನಿದರ್ಶನ ಬೇಕೆಂದರೆ ನಮ್ಮ ಭಾಷೆಯನ್ನು ಕಲಿತ ಪರದೇಶೀಯರನ್ನೇ ನೋಡಬಹುದು. ವಿಲಿಯಂ ಕೇರಿ ಎಂಬವರು 1761ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ತರುಣಾವಸ್ಥೆಯಲ್ಲಿ ಪಾದರಕ್ಷೆ ಹೊಲಿಯುವ ಕಸುಬು ಮಾಡಿದವರು. ಕೆಲಸದ ನಡುವೆಯೇ ಭಾಷೆಗಳನ್ನು ಅಭ್ಯಾಸ ಮಾಡಿದರು. 1793ರಲ್ಲಿ ಬಂಗಾಳಕ್ಕೆ ಬಂದರು. 1812ರ ಮಾರ್ಚ್ ತಿಂಗಳಲ್ಲಿ ಶ್ರೀರಾಮಪುರದಲ್ಲಿದ್ದ ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ವರ್ಷಗಳ ಶ್ರಮದ ಬಹುಭಾಷಾ ಕೋಶದ ಹಸ್ತಪ್ರತಿ ಮತ್ತು ವ್ಯಾಕರಣಗಳ ಹಸ್ತಪ್ರತಿಗಳು ಬೂದಿಯಾದವು. ಅವರು ಮತ್ತೆ ಬರೆಯಲು ಕುಳಿತರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಅಚ್ಚಾಯಿತು. ತಮ್ಮಲ್ಲಿರುವ ಗುಣ ಒಂದೇ, ಹಿಡಿದ ದಾರಿಯಲ್ಲಿ ನಿಧಾನವಾಗಿಯಾದರೂ ಬಿಡದೆ ನಡೆಯುವುದು ಎಂಬ ಅರ್ಥದ ಮಾತನ್ನು ಅವರು ತಮ್ಮ ಬಗ್ಗೆ ಆಡಿದ್ದರೆಂದು ಅವರ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ.

ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ಲರ ಹೆಸರನ್ನು ತಿಳಿಯದ ಕನ್ನಡಿಗರು ವಿರಳ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವರು ನಮ್ಮ ನಾಡಿಗೆ ಬಂದರು. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ಸುಮಾರು 70,000 ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಬಂದ ದಿನಕ್ಕೂ ನಿಘಂಟಿನ ದಿನಕ್ಕೂ ನಡುವೆ 41 ವರ್ಷ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಅವರ ವ್ಯಾಕರಣ 1903ರಲ್ಲಿ ಅಚ್ಚಾಯಿತು. ಅವರು ದೇಹಬಿಟ್ಟದ್ದೂ ಅದೇ ವರ್ಷ. ಏಳು ವಿಭಕ್ತಿಗಳೂ ಒಂಬತ್ತು ಕ್ರಿಯಾರೂಪಗಳೂ ಅವರ ತಾಯ್ನುಡಿಯಿಂದ ಬಂದವಲ್ಲ. ಆರಂಭದಲ್ಲಿ ಅವರ ನಾಲಿಗೆಯೂ ತೊಡರಿರಲೇಬೇಕು. ಇಂದಿಗೂ ಪರದೇಶದವರೊಬ್ಬರು ನಮ್ಮೂರ ಸಂತೆಯಲ್ಲಿ ತಪ್ಪುತಪ್ಪಾಗಿ ಎರಡು ಕನ್ನಡ ಮಾತನಾಡಿದರೆ ನಾವು ಸಂತೋಷಪಟ್ಟು ಕರೆದು ಕೂರಿಸುತ್ತೇವೆ. ನಮ್ಮ ಮನೆಯ ಮಗು ಇಂಗ್ಲಿಷಿನಲ್ಲಿ ಎಡವಿದರೆ ಮಾತ್ರ ನಗುತ್ತೇವೆ. ಈ ಎರಡು ಅಳತೆಗಳನ್ನು ಇಟ್ಟುಕೊಂಡಿರುವುದು ಯಾವ ನ್ಯಾಯ?

ಇನ್ನು, ತಂದೆತಾಯಂದಿರು ನಮ್ಮ ಮುಂದೆ ಆಡುವ ಆ ವಾಕ್ಯವನ್ನೇ ವ್ಯಾಕರಣದ ದೃಷ್ಟಿಯಿಂದ ಪರಿಶೀಲಿಸೋಣ. ನನಗೆ ಇಂಗ್ಲಿಷ್ ಬರುವುದಿಲ್ಲ. ಇಲ್ಲಿ ಕರ್ತೃ ಯಾರು? ನಾನಲ್ಲ, ಇಂಗ್ಲಿಷ್. ಬರಬೇಕಾದದ್ದು ಅದು, ಬರದಿರುವುದೂ ಅದೇ. ನಾನು ಚತುರ್ಥಿ ವಿಭಕ್ತಿಯಲ್ಲಿ ಬಾಗಿಲ ಬಳಿ ಕಾದು ಕುಳಿತವನು. ಇದು ಕನ್ನಡದ ಸಹಜವಾದ, ಸುಂದರವಾದ ವಾಕ್ಯರಚನೆ. ಹಸಿವಾಗಲಿ ನಿದ್ರೆಯಾಗಲಿ ನಮಗೆ ಹೀಗೆಯೇ ಬರುತ್ತವೆ. ರಚನೆಯಲ್ಲಿ ದೋಷವಿಲ್ಲ. ಆದರೆ ಕಲಿಕೆಯು ಹಸಿವಿನಂತೆ ತಾನಾಗಿ ಬರತಕ್ಕದ್ದಲ್ಲ. ಆ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಐ ಡೂ ನಾಟ್ ನೋ ಎಂದು ನಾನೇ ಎದ್ದು ಮುಂದೆ ಬರಬೇಕಾಗುತ್ತದೆ. ಕನ್ನಡದಲ್ಲಿಯೂ ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ ಎಂಬ ವಾಕ್ಯ ಇದ್ದೇ ಇದೆ. ಅದರಲ್ಲಿ ನಾನು ಪ್ರಥಮಾ ವಿಭಕ್ತಿಗೆ ಬಂದು ಕರ್ತೃವಾಗುತ್ತೇನೆ. ಕ್ರಿಯೆಯೂ ನಡೆಯುತ್ತಿರುವ ಕ್ರಿಯೆಯಾಗುತ್ತದೆ. ನಮ್ಮ ನಿಲಯದ ಹುಡುಗರಿಗೆ ಮೊದಲನೆಯ ವಾಕ್ಯದ ಬದಲು ಎರಡನೆಯದನ್ನು ಹೇಳುವಂತೆ ನಾವು ಅಪ್ಪಣೆ ಮಾಡಿದ್ದೇವೆ. ಹೇಳಿದ ಮಾತ್ರಕ್ಕೆ ಭಾಷೆ ಬಂದುಬಿಡುವುದಿಲ್ಲ, ನಿಜ. ಆದರೆ ಹಾಗೆ ಹೇಳಿದವನು ಆ ದಿನ ಏನನ್ನಾದರೂ ಕಲಿಯದೆ ಮಲಗಲಾರನು. ಮಲಗಿದರೆ ಅವನ ವಾಕ್ಯ ಸುಳ್ಳಾಗುತ್ತದೆ.

ಕರ್ತೃವನ್ನು ಮರೆಸುವ ಅಭ್ಯಾಸ ಹುಡುಗರದಷ್ಟೇ ಅಲ್ಲ. ಕಚೇರಿಯ ಪತ್ರಗಳಲ್ಲಿ ಕ್ರಮ ಕೈಗೊಳ್ಳಲಾಗುವುದು, ಪರಿಶೀಲಿಸಲಾಗುವುದು ಎಂದು ಬರೆದಿರುತ್ತದೆ. ಇಂಗ್ಲಿಷಿನ ಕರ್ಮಣಿ ಪ್ರಯೋಗದ ಬಳಕೆಯಿಂದ ನಮ್ಮಲ್ಲಿ ಬೆಳೆದ ರೂಢಿಯಿದು. ಯಾರು ಪರಿಶೀಲಿಸುತ್ತಾರೆ, ಯಾವ ದಿನ ಪರಿಶೀಲಿಸುತ್ತಾರೆ ಎಂಬುದು ವಾಕ್ಯದಲ್ಲಿಲ್ಲ. ಎಷ್ಟೋ ವೇಳೆ ಕಚೇರಿಯಲ್ಲಿಯೂ ಇರುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಅಧಿಕಾರ ಸ್ಥಾನಗಳಲ್ಲಿದ್ದಾರೆ. ನಾನು ಪರಿಶೀಲಿಸಿ ಇಂಥ ದಿನದೊಳಗೆ ತಿಳಿಸುತ್ತೇನೆ ಎಂದು ಕರ್ತರಿ ಪ್ರಯೋಗದಲ್ಲಿ ಬರೆಯುವ ಧೈರ್ಯವನ್ನು ಅವರು ತೋರಿದರೆ, ಬಾಗಿಲಲ್ಲಿ ಕಾದಿರುವ ಬಡವನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಅಭ್ಯಾಸದ ಕ್ರಮವನ್ನು ಕೇಳುವವರಿಗೆ ನಾವು ಹೇಳುವುದು ಸ್ವಲ್ಪವೇ. ಒಂದು ನೋಟುಬುಕ್ಕನ್ನು ಇಟ್ಟುಕೊಳ್ಳಿರಿ. ಪ್ರತಿರಾತ್ರಿ ಆ ದಿನ ನೀವು ಮಾಡಿದ ಕೆಲಸವನ್ನು ಕುರಿತು ಐದೇ ಇಂಗ್ಲಿಷ್ ವಾಕ್ಯಗಳನ್ನು ಬರೆಯಿರಿ. ಹಸು ಕರೆದದ್ದು, ನೀರು ಕಟ್ಟಿದ್ದು, ಲೆಕ್ಕ ಬಿಡಿಸಿದ್ದು, ಏನಾದರೂ ಸರಿ. ಮಾಡದ ಕೆಲಸವನ್ನು ಬರೆಯಬೇಡಿರಿ. ಬರೆದ ಮೇಲೆ ಪ್ರತಿವಾಕ್ಯಕ್ಕೂ ಮೂರು ಪ್ರಶ್ನೆ ಹಾಕಿರಿ: ಕರ್ತೃ ಮೊದಲಿದ್ದಾನೆಯೇ, ಕ್ರಿಯೆ ಅವನಿಗೆ ಹೊಂದಿದೆಯೇ, ಕಾಲ ಸರಿಯಿದೆಯೇ. ಅನಂತರ ಹತ್ತು ನಿಮಿಷ ಒಂದು ಸರಳವಾದ ಪುಸ್ತಕವನ್ನು ಗಟ್ಟಿಯಾಗಿ ಓದಿರಿ. ತಿಳಿದವರಿಂದ ತಿದ್ದಿಸಿಕೊಂಡ ತಪ್ಪುಗಳನ್ನು ಪುಸ್ತಕದ ಕೊನೆಯಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ನೋಡಿರಿ. ಹೀಗೆ ಒಂದು ವರ್ಷ ಮಾಡಿದರೆ ನೀವೇ ರಚಿಸಿದ 1,825 ವಾಕ್ಯಗಳು ನಿಮ್ಮ ಕೈಯಲ್ಲಿರುತ್ತವೆ. ಮೂರು ತಿಂಗಳಲ್ಲಿ ಇಂಗ್ಲಿಷ್ ಎಂದು ಹೇಳಿ ಹಣ ಕೇಳುವ ಯಾವ ತರಬೇತಿಯೂ ಈ ಸಂಪತ್ತನ್ನು ನಿಮಗೆ ಕೊಡಲಾರದು.

ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ ಹುಡುಗನ ವಿಚಾರ ಉಳಿಯಿತು. ಅವನು ಈಗ ತನ್ನೂರಿನ ಹತ್ತಿರದ ಪೇಟೆಯಲ್ಲಿ ಟ್ರ್ಯಾಕ್ಟರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಪ್ರಾಮಾಣಿಕನೆಂದು ಸುತ್ತಿನ ಹಳ್ಳಿಗಳಲ್ಲಿ ಹೆಸರಾಗಿದ್ದಾನೆ. ಅವನು ಒಲಿದು ಆ ಕಸುಬನ್ನು ಹಿಡಿದಿದ್ದರೆ ನಮಗೆ ಪೂರ್ಣ ಸಂತೋಷವೇ ಆಗುತ್ತಿತ್ತು. ಓದಬೇಕೆಂದು ಹಂಬಲಿಸಿ ಬಂದವನು ಒಂದು ನಗೆಗೆ ಅಂಜಿ ಹಿಂದಿರುಗಿದನೆಂಬ ನೋವು ಮಾತ್ರ ನಮ್ಮಲ್ಲಿ ಹಾಗೆಯೇ ಇದೆ. ಕಳೆದ ಜಾತ್ರೆಯಲ್ಲಿ ಭೇಟಿಯಾದಾಗ ಅವನು ಒಂದು ವಿಷಯವನ್ನು ಹೇಳಿದನು. ಹೊಸ ಟ್ರ್ಯಾಕ್ಟರುಗಳ ಜೊತೆ ಬರುವ ಇಂಗ್ಲಿಷ್ ಕೈಪಿಡಿಯನ್ನು ಅವನು ಈಗ ತಾನೇ ಓದಿಕೊಳ್ಳುತ್ತಾನಂತೆ. ರಿಮೂವ್ ದಿ ಫಿಲ್ಟರ್, ಕ್ಲೀನ್ ಇಟ್, ಡೂ ನಾಟ್ ಓವರ್‌ಫಿಲ್. "ಕೈಗೆ ಕೆಲಸ ಗೊತ್ತಿತ್ತು ಬುದ್ಧೀ, ಅಕ್ಷರ ತಾನಾಗಿ ಅರ್ಥ ಆಯ್ತು" ಎಂದನು. ಇಂಗ್ಲಿಷ್ ವಾಕ್ಯವು ಕರ್ತೃವನ್ನು ಕೈಬಿಡುವ ಮುಖ್ಯ ಸ್ಥಳ ವಿಧಿವಾಕ್ಯ, ಅಂದರೆ ಮಾಡು ಎಂದು ಅಪ್ಪಣೆ ಕೊಡುವ ವಾಕ್ಯ. ಕೇಳುವವನೇ ಅಲ್ಲಿ ಕರ್ತೃವಾದುದರಿಂದ ಹೆಸರು ಹೇಳಬೇಕಾಗಿಲ್ಲ. ನಮ್ಮ ಹುಡುಗನು ಆ ವಾಕ್ಯಗಳ ಕರ್ತೃವಾಗಿದ್ದನು. ಆದುದರಿಂದಲೇ ಅವು ಅವನಿಗೆ ಒಲಿದವು. ಅವನಿಗೆ ಎರಡು ಪುಸ್ತಕಗಳನ್ನು ಕೊಟ್ಟು, ಬಿಡುವಾದಾಗ ಬಂದು ಸಂಜೆಯ ಪಾಠದಲ್ಲಿ ಕೂರಬೇಕೆಂದು ತಿಳಿಸಿದ್ದೇವೆ. ಎರಡು ಸಲ ಬಂದೂ ಹೋಗಿದ್ದಾನೆ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಭಕ್ತರಲ್ಲಿ ನಮ್ಮದು ಒಂದೇ ಕೋರಿಕೆ. ಮಗು ಇಂದು ಸಂಜೆ ಒಂದು ಇಂಗ್ಲಿಷ್ ವಾಕ್ಯವನ್ನು ತಪ್ಪಾಗಿ ಹೇಳಿದರೆ ನಗಬೇಡಿರಿ. ಅದನ್ನೇ ಕನ್ನಡದಲ್ಲಿ ಹೇಗೆ ಹೇಳುತ್ತೀಯೆಂದು ಕೇಳಿ, ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿಸಿರಿ. ನಿಮಗೆ ಇಂಗ್ಲಿಷ್ ತಿಳಿಯದಿದ್ದರೂ ಬಾಧಕವಿಲ್ಲ, ಜೊತೆಯಲ್ಲಿ ಕುಳಿತುಕೊಳ್ಳಿರಿ. ನಿಮ್ಮೆಲ್ಲರ ಮಕ್ಕಳ ಓದಿಗೆ ಶ್ರೇಯಸ್ಸಾಗಲೆಂದು ಹಾರೈಸುತ್ತೇವೆ.